ಸಹಾಯ ಬೇಕು: ಮಂಕಿ ಐಲ್ಯಾಂಡ್ 2, ಜಲಪಾತದ ಪಂಪ್ ಹತ್ರ ಸಿಕ್ಕಾಕೊಂಡಿದೀನಿ

ಎಲ್ಲರಿಗೂ ನಮಸ್ಕಾರ, ಹಳೇ ಗೇಮ್ ಆಡೋರು ಯಾರಾದ್ರೂ ಇದ್ರೆ ಸ್ವಲ್ಪ ಕಾಪಾಡಿ. 1991ರ ಮಂಕಿ ಐಲ್ಯಾಂಡ್ 2 ಗೇಮನ್ನ ಸ್ಕಮ್‌ವಿಎಂ (ಹಳೇ ಗೇಮ್‌ಗಳನ್ನ ಈಗಿನ ಕಂಪ್ಯೂಟರಲ್ಲಿ ಓಡಿಸೋ ಸಾಫ್ಟ್‌ವೇರ್) ಹಾಕ್ಕೊಂಡು ಲ್ಯಾಪ್‌ಟಾಪಲ್ಲಿ ಆಡ್ತಿದೀನಿ, ಹಳೇ ವರ್ಷನ್ನೇ, ಹಿಂಟ್ ಗಿಂಟ್ ಏನೂ ಇಲ್ಲ. ಫ್ಯಾಟ್ ಐಲ್ಯಾಂಡಲ್ಲಿ ಒಂದು ಜಲಪಾತ ಇದ್ಯಲ್ಲ, ಅದರ ಮೇಲೆ ಹತ್ತಿದ್ರೆ ಒಂದು ಪಂಪ್. ಅದನ್ನ ತಿರುಗಿಸಿ ನೀರು ನಿಲ್ಲಿಸ್ಬೇಕು ಅನ್ನೋದು ಗೊತ್ತಾಯ್ತು, ಆದ್ರೆ ತಿರುಗಿಸೋದು ಯಾವ್ದರಿಂದ? ತಳ್ಳಿದೆ, ಎಳೆದೆ, ಸ್ಕ್ರೀನ್ ಕೆಳಗಿರೋ ಒಂಬತ್ತು ಬಟನ್ನೂ ಒತ್ತಿದೆ, ಜೇಬಲ್ಲಿರೋ ಸಾಮಾನೆಲ್ಲ ಒಂದೊಂದಾಗಿ ತಗುಲಿಸಿದೆ. ಗೇಮಿನ ಹೀರೋ ಗೈಬ್ರಶ್ ಮಹಾಶಯ ಆಗಲ್ಲ ಅಂತ ನಿಂತ್ಕೊಂಡ.

ಕೊನೆಗೆ ಅಮೆರಿಕಾದಲ್ಲಿರೋ ಫ್ರೆಂಡ್‌ಗೆ ಕೇಳಿದ್ರೆ "ಮಂಕಿ ರೆಂಚ್ ಬೇಕು ಕಣೋ" ಅಂತ ಬಿದ್ದು ಬಿದ್ದು ನಕ್ಕ, ಮುಂದೆ ಏನೂ ಹೇಳ್ಲಿಲ್ಲ. ನಮ್ಮ ಕಡೆ ಗ್ಯಾರೇಜಲ್ಲಿ ಅದಕ್ಕೆ ಪಾನಾ ಅಂತೀವಿ, ಇದರಲ್ಲಿ ನಗೋದೇನಿದೆ ಅಂತ ಮೂರೂ ದ್ವೀಪ ಜಾಲಾಡ್ದೆ, ಒಂದು ಪಾನಾನೂ ಸಿಗ್ಲಿಲ್ಲ. ಎರಡು ರಾತ್ರಿ ಇದಕ್ಕೇ ಹೋಯ್ತು. ಆಮೇಲೆ ತಲೆಗೆ ಹೊಳೀತು, ಮಂಕಿ ಅಂದ್ರೆ ಕೋತಿ ಅಲ್ವಾ, ಸ್ಕ್ಯಾಬ್ ಐಲ್ಯಾಂಡ್ ಬಾರಲ್ಲಿ ಒಂದು ಕೋತಿ ಪಿಯಾನೋ ಬಾರಿಸ್ತಾ ಕೂತಿದೆ, ಪಕ್ಕದಲ್ಲೇ ತಾಳಕ್ಕೆ ಟಿಕ್ ಟಿಕ್ ಅನ್ನೋ ಮೆಟ್ರೋನೋಮ್ ಯಂತ್ರ, ನನ್ನ ಹತ್ರ ಒಂದು ಬಾಳೆಹಣ್ಣೂ ಇದೆ. ಆದ್ರೆ ಕೋತಿನ ಎತ್ಕೊಳೋಕೆ ಹೋದ್ರೆ ಆಗ್ತಿಲ್ಲ.

ಪ್ರಶ್ನೆ ಇಷ್ಟೇ: ಪಾನಾ ಅನ್ನೋದು ಬೇರೆ ವಸ್ತುನಾ ಇಲ್ಲಾ ಈ ಕೋತಿನೇ ಪಾನಾನಾ? ಕೋತಿನೇ ಆದ್ರೆ ಬಾಳೆಹಣ್ಣನ್ನ ಕೋತಿಗೆ ಕೊಡ್ಬೇಕಾ, ಬೇರೆ ಎಲ್ಲಾದ್ರೂ ಇಡ್ಬೇಕಾ? ಮುಂದಿನ ಕಥೆ ಮಾತ್ರ ಹೇಳ್ಬೇಡಿ ಪ್ಲೀಸ್.