ಹಳೆಯ ಮೋಟಾರುದೋಣಿಯ ಡ್ರೈವಿಗೆ ಸರಿಯಾದ ಬಿಡಿಭಾಗ ಹುಡುಕುವುದು ಹೇಗೆ?

ಪ್ರಶ್ನೆ

ನಮಸ್ಕಾರ. ನನ್ನಲ್ಲಿರುವುದು ಎಂಜಿನ್ ಒಳಗೆ, ಡ್ರೈವ್ ಹಿಂಗೋಡೆಯ ಹೊರಗೆ ಇರುವ ಸ್ಟರ್ನ್‌ಡ್ರೈವ್ ಮಾದರಿಯ ಹಳೆಯ ದೋಣಿ. ಎಂಜಿನ್ ಮರ್‌ಕ್ರೂಸರ್ 4.3 ಲೀಟರಿನ ವಿ6. ಅದರಲ್ಲಿ ಯಾವ ದೋಷವೂ ಇಲ್ಲ. ಡ್ರೈವ್ ಕೂಡ ಮರ್‌ಕ್ರೂಸರ್ ಎಂಬುದು ಆಕಾರದಿಂದಲೇ ಗೊತ್ತಾಗುತ್ತದೆ. ಆದರೆ ಅದರ ಮೇಲಿದ್ದ ಕ್ರಮಸಂಖ್ಯೆಯ ಚೀಟಿ ಅಳಿಸಿಹೋಗಿದೆ. ಹಿಂದಿನ ಮಾಲೀಕರು ಅದರ ಮೇಲೆ ಹಲವು ಸಲ ಬಣ್ಣವನ್ನೂ ಬಳಿದಿದ್ದಾರೆ.

ಈಚೆಗೆ ಗೇರ್ ಆಯಿಲ್ ಇಳಿಸಿದಾಗ ಅದು ಹಾಲಿನಂತೆ ಬೆಳ್ಳಗಾಗಿತ್ತು, ಕೆಳಗಿನ ಬಿರಡೆಯ ಅಯಸ್ಕಾಂತಕ್ಕೆ ಲೋಹದ ಪುಡಿ ಮೆತ್ತಿಕೊಂಡಿತ್ತು. ಅಲ್ಲದೆ ಸ್ಟಿಯರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿದಾಗ ಹಿಂದಿನಿಂದ ಗುರುಗುಟ್ಟುವ ಸದ್ದು ಬರುತ್ತದೆ. ಬಿಡಿಭಾಗ ಮಾರುವ ಇಬ್ಬರನ್ನು ವಿಚಾರಿಸಿದೆ. ಇಬ್ಬರೂ ದೋಣಿ ಯಾವ ವರ್ಷದ್ದೆಂದು ಕೇಳಿ, ಒಂದಕ್ಕೊಂದು ತಾಳೆಯಾಗದ ಎರಡು ಪಟ್ಟಿಗಳನ್ನು ಕಳಿಸಿದರು. ಗೇರುಗಳ ಬೆಲೆ ಕಡಿಮೆಯೇನಲ್ಲ, ತಪ್ಪು ಭಾಗ ಬಂದರೆ ಹಿಂದಿರುಗಿಸುವುದೂ ಕಷ್ಟ. ನನ್ನ ಡ್ರೈವ್ ಯಾವುದೆಂದು ಖಚಿತಪಡಿಸಿಕೊಳ್ಳಲು ಮತ್ತು ಭಾಗಗಳನ್ನು ಹುಡುಕಲು ಸರಿಯಾದ ಕ್ರಮವನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ಮಾನ್ಯರೇ, ದೋಣಿಯ ವರ್ಷವನ್ನು ನಂಬಿ ಡ್ರೈವಿನ ಭಾಗಗಳನ್ನು ಕೊಳ್ಳಬೇಡಿ. ಹಳೆಯ ದೋಣಿಗಳಲ್ಲಿ ಒಡಲು ಒಂದು ಕಾಲದ್ದು, ಎಂಜಿನ್ ಇನ್ನೊಂದು ಕಾಲದ್ದು, ಡ್ರೈವ್ ಮತ್ತೊಂದು ಕಾಲದ್ದು ಆಗಿರುವುದು ತೀರ ಸಾಮಾನ್ಯ. ಮರ್‌ಕ್ರೂಸರ್ ತಯಾರಿಸುವ ಮರ್ಕ್ಯುರಿ ಕಂಪನಿ ಎಂಜಿನ್ನಿಗೆ, ಡ್ರೈವಿಗೆ ಮತ್ತು ಹಿಂಗೋಡೆಗೆ ಬಿಗಿದ ಟ್ರಾನ್ಸಮ್ ಜೋಡಣೆಗೆ ಬೇರೆ ಬೇರೆ ಕ್ರಮಸಂಖ್ಯೆ ಕೊಡುತ್ತದೆ. ಟ್ರಾನ್ಸಮ್ಮಿನ ಸಂಖ್ಯೆ ದೋಣಿಯ ಒಳಬದಿಯಲ್ಲಿ ಇರುವುದರಿಂದ ಬಿಸಿಲು ನೀರು ತಾಗದೆ ಬಹಳ ಸಲ ಉಳಿದಿರುತ್ತದೆ. ಎಂಜಿನ್ನಿನ ಹಿಂದೆ ಟಾರ್ಚ್ ಹಿಡಿದು ನೋಡಿ. ಅದು ಡ್ರೈವಿನ ಸಂಖ್ಯೆಯಲ್ಲದಿದ್ದರೂ ಆ ಜೋಡಣೆಗೆ ಯಾವ ತಲೆಮಾರಿನ ಡ್ರೈವ್ ಹೊಂದುತ್ತದೆ ಎಂಬುದನ್ನು ಹೇಳುತ್ತದೆ. ಡ್ರೈವಿನ ಮೇಲಿನ ಬಣ್ಣವನ್ನು ಮರಳುಕಾಗದದಿಂದ ಉಜ್ಜದೆ, ಬಣ್ಣ ಕರಗಿಸುವ ದ್ರಾವಣದಿಂದ ನಿಧಾನವಾಗಿ ತೆಗೆಯಿರಿ, ಏಕೆಂದರೆ ಡ್ರೈವಿನ ಮೇಲಿನ ಅಥವಾ ಕೆಳಗಿನ ಗೇರ್ ಪೆಟ್ಟಿಗೆಯ ಮೇಲೆ ಕೆಲವೊಮ್ಮೆ ಸಂಖ್ಯೆಯನ್ನೋ ಗೇರ್ ಅನುಪಾತವನ್ನೋ (ಪ್ರೊಪೆಲ್ಲರಿನ ಒಂದು ಸುತ್ತಿಗೆ ಒಳಬರುವ ಶಾಫ್ಟ್ ಎಷ್ಟು ಸುತ್ತು ತಿರುಗುತ್ತದೆ ಎಂಬುದು) ಲೋಹದಲ್ಲೇ ಒತ್ತಿರುತ್ತಾರೆ.

ಮುಂದೆ, ತಂಪು ನೀರಿನ ಪಂಪ್ ಎಲ್ಲಿದೆ ಎಂದು ಗಮನಿಸಿ. ಅದು ಡ್ರೈವಿನೊಳಗೆ ಇದ್ದರೆ ನಿಮ್ಮದು ಮರ್‌ಕ್ರೂಸರ್ ಡ್ರೈವುಗಳಲ್ಲಿ ಆಲ್ಫಾ ಅಥವಾ ಅದಕ್ಕಿಂತ ಹಿಂದಿನ ಬಳಗದ್ದು. ಎಂಜಿನ್ನಿನ ಮೇಲಿದ್ದರೆ ಬಹುಮಟ್ಟಿಗೆ ಬ್ರಾವೋ ಬಳಗದ್ದು. ಆಲ್ಫಾ ಒನ್ 1983ರಲ್ಲಿ ಬಂದಿತು, ಅದರ ಎರಡನೆಯ ತಲೆಮಾರು 1990ರ ದಶಕದ ಆರಂಭದಲ್ಲಿ. ದೂರದಿಂದ ನೋಡಿದವರಿಗೆ ಎರಡು ತಲೆಮಾರುಗಳೂ ಒಂದೇ ಎನಿಸುತ್ತವೆ, ಆದರೆ ಒಂದರ ಕೆಳಪೆಟ್ಟಿಗೆ ಇನ್ನೊಂದಕ್ಕೆ ಕೂರುವುದಿಲ್ಲ. ನಿಮಗೆ ಬಂದ ಎರಡು ಪಟ್ಟಿಗಳು ತಾಳೆಯಾಗದಿರಲು ಇದೇ ಕಾರಣ ಇರಬಹುದು.

ಅನುಪಾತವನ್ನು ಕೈಯಿಂದಲೇ ಅಳೆಯಬಹುದು. ಡ್ರೈವನ್ನು ಮುಂದಿನ ಗೇರಿನಲ್ಲಿಟ್ಟು ಕಳಚಿ (ಆಲ್ಫಾವನ್ನು ಹೇಗೂ ಮುಂದಿನ ಗೇರಿನಲ್ಲಿಟ್ಟೇ ಕಳಚಬೇಕು), ಒಳಬರುವ ಶಾಫ್ಟಿಗೂ ಪ್ರೊಪೆಲ್ಲರಿಗೂ ಸೀಮೆಸುಣ್ಣದ ಗುರುತು ಹಾಕಿ, ಕ್ಲಚ್ ಕಚ್ಚುವ ದಿಕ್ಕಿನಲ್ಲಿ ಶಾಫ್ಟನ್ನು 20 ಸುತ್ತು ತಿರುಗಿಸಿ. ಪ್ರೊಪೆಲ್ಲರ್ 10 ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಿದರೆ ಅನುಪಾತ 1.98ರ ಆಸುಪಾಸು, 11 ಸುತ್ತಾದರೆ 1.81 ಅಥವಾ 1.84, 13 ದಾಟಿದರೆ 1.50 ಅಥವಾ 1.47. ಒಂದೆರಡು ಸುತ್ತು ಎಣಿಸಿ ನಿಲ್ಲಿಸಿದರೆ ಇವುಗಳ ನಡುವಿನ ಅಂತರ ಕಣ್ಣಿಗೆ ಬೀಳುವುದಿಲ್ಲ.

ಅನುಪಾತ ತಪ್ಪಿದ ಡ್ರೈವನ್ನು ಕೂರಿಸಿದರೂ ದೋಣಿ ಓಡುತ್ತದೆ, ಅಪಾಯ ಇರುವುದೇ ಅಲ್ಲಿ. ಎಂಜಿನ್ ತನ್ನ ಮಿತಿಯನ್ನು ಮೀರಿ ತಿರುಗಬಹುದು, ಇಲ್ಲವೆ ಪೂರ್ಣ ವೇಗಕ್ಕೆ ಏರಲಾರದೆ ಸದಾ ಭಾರ ಎಳೆಯುತ್ತಿರಬಹುದು. ಪ್ರೊಪೆಲ್ಲರಿನ ಪಿಚ್ (ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ) ಬದಲಿಸಿ ಸ್ವಲ್ಪ ಮಟ್ಟಿಗೆ ಸರಿಪಡಿಸಬಹುದು. ಒಂದು ಇಂಚು ಪಿಚ್ಚಿಗೆ ನಿಮಿಷಕ್ಕೆ ಸುಮಾರು 150ರಿಂದ 200 ಸುತ್ತು ವ್ಯತ್ಯಾಸವಾಗುತ್ತದೆ, ಅಷ್ಟೆ.

ಎರಡನೆಯ ಉತ್ತರ

ಗೇರುಗಳನ್ನು ಹುಡುಕಲು ಹೊರಡುವ ಮೊದಲು ಒಂದು ಮಾತು. ನೀವು ಬರೆದಿರುವ ಲಕ್ಷಣಗಳು ಎರಡು ಬೇರೆ ರೋಗಗಳವು ಎಂದು ನನಗೆ ತೋರುತ್ತದೆ. ನೇರ ಹೋಗುವಾಗ ಇಲ್ಲದ ಸದ್ದು ತಿರುವಿನಲ್ಲಿ ಮಾತ್ರ ಬಂದರೆ ಮೊದಲು ಅನುಮಾನಿಸಬೇಕಾದದ್ದು ಗಿಂಬಲ್ ಬೇರಿಂಗ್ (ಡ್ರೈವಿನ ಒಳಬರುವ ಶಾಫ್ಟನ್ನು ಹೊರುವ ಬೇರಿಂಗ್) ಮತ್ತು ಯುನಿವರ್ಸಲ್ ಜಾಯಿಂಟುಗಳನ್ನು (ಶಾಫ್ಟ್ ಓರೆಯಾದಾಗಲೂ ತಿರುಗಲು ಬಿಡುವ ಕೀಲುಗಳು). ಗಿಂಬಲ್ ಬೇರಿಂಗ್ ಇರುವುದು ಡ್ರೈವಿನಲ್ಲಲ್ಲ, ಟ್ರಾನ್ಸಮ್ ಜೋಡಣೆಯಲ್ಲಿ. ಡ್ರೈವ್ ಕಳಚಿದ ಮೇಲೆ ಬೆರಳು ಹಾಕಿ ತಿರುಗಿಸಿ ನೋಡಿ. ತರಿತರಿ ಎನಿಸಿದರೆ ಬದಲಿಸಿ. ಆ ಜಾಯಿಂಟುಗಳ ಸುತ್ತಲಿನ ರಬ್ಬರ್ ಬೆಲ್ಲೋಸ್ (ನೆರಿಗೆಯ ಕೊಳವೆ) ಹರಿದಿದ್ದರೆ ಬೇರಿಂಗ್ ಕೆಟ್ಟದ್ದು ನೀರಿನಿಂದಲೇ. ಬೆಲ್ಲೋಸನ್ನು ಬದಲಿಸದೆ ಬೇರಿಂಗ್ ಮಾತ್ರ ಹಾಕಿದರೆ ಹೊಸದೂ ಬೇಗನೆ ಹಾಳಾಗುತ್ತದೆ, ಅದಕ್ಕಿಂತ ಮುಖ್ಯವಾಗಿ ಆ ಹರಿದ ಜಾಗದಿಂದ ನೀರು ದೋಣಿಯೊಳಕ್ಕೇ ನುಗ್ಗಬಹುದು. ಡ್ರೈವನ್ನು ಮರಳಿ ಕೂರಿಸುವಾಗ ಅಲೈನ್‌ಮೆಂಟ್ ಬಾರ್ (ಎಂಜಿನ್ ಮತ್ತು ಡ್ರೈವ್ ಒಂದೇ ನೇರದಲ್ಲಿವೆಯೇ ಎಂದು ನೋಡುವ ಸರಳು) ಇಲ್ಲದೆ ಕೆಲಸ ಮಾಡಬೇಡಿ. ಅದು ಎರಡು ಬೆರಳಿನ ಬಲಕ್ಕೆ ಎಂಜಿನ್ನಿನ ಕಪ್ಲರಿನೊಳಗೆ ಸರಾಗವಾಗಿ ಜಾರಬೇಕು, ಇಲ್ಲವಾದರೆ ಎಂಜಿನ್ನಿನ ಮುಂದಿನ ಮೌಂಟನ್ನು ಏರಿಳಿಸಿ ಸರಿಹೊಂದಿಸಬೇಕು.

ಬೆಳ್ಳಗಾದ ಆಯಿಲ್ ಬೇರೆಯದೇ ವಿಚಾರ, ಅದಕ್ಕೆ ನೀರು ಸೇರಿದೆ ಎಂದರ್ಥ. ಆಯಿಲ್ ಖಾಲಿ ಮಾಡಿ ಪೆಟ್ಟಿಗೆಗೆ 10ರಿಂದ 15 ಪಿಎಸ್‌ಐ ಒತ್ತಡದ ಗಾಳಿ ತುಂಬಿಸಿ, ಸಾಬೂನು ನೀರು ಸವರಿ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡಿ. ಬಹಳ ಸಲ ಅದು ಪ್ರೊಪೆಲ್ಲರ್ ಶಾಫ್ಟಿನ ಸೀಲ್. ಮೀನಿನ ಗಾಳದ ದಾರ ಸುತ್ತಿಕೊಂಡು ಸೀಲನ್ನು ಕತ್ತರಿಸಿರುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಟ್ರಾನ್ಸಮ್ಮಿನ ಸಂಖ್ಯೆ ಸಿಕ್ಕಿತು. ಅದು ಮೊದಲ ತಲೆಮಾರಿನ ಆಲ್ಫಾ ಒನ್‌ಗೆ ಸೇರಿದ್ದು. ಪಂಪ್ ಡ್ರೈವಿನೊಳಗೇ ಇದೆ. ಶಾಫ್ಟ್ 20 ಸುತ್ತು ತಿರುಗಿದಾಗ ಪ್ರೊಪೆಲ್ಲರ್ 11 ಸುತ್ತು ತಿರುಗಿತು. ಗಿಂಬಲ್ ಬೇರಿಂಗ್ ತರಿತರಿಯಾಗಿದೆ, ಗುಳ್ಳೆ ಎದ್ದದ್ದು ಪ್ರೊಪೆಲ್ಲರ್ ಶಾಫ್ಟಿನ ಬಳಿಯೇ. ಕೆಳಪೆಟ್ಟಿಗೆಯನ್ನು ಬಿಚ್ಚಿಸಿದಾಗ ಪಿನಿಯನ್ ಗೇರಿನ (ಜೋಡಿಯ ಚಿಕ್ಕ ಗೇರಿನ) ಹಲ್ಲುಗಳಲ್ಲಿ ಗುಳಿಗಳು ಕಾಣಿಸಿದವು. ಮೇಲಿನ ಗೇರುಗಳು ಚೆನ್ನಾಗಿವೆ. ಈಗ ಪಿನಿಯನ್ ಒಂದನ್ನೇ ತರಿಸಲೇ, ಅಥವಾ ಬಳಸಿದ ಕೆಳಪೆಟ್ಟಿಗೆಯನ್ನು ಇಡಿಯಾಗಿ ಕೊಳ್ಳಲೇ?

ಮೂರನೆಯ ಉತ್ತರ

ನಿಮ್ಮದು ಮರ್‌ಕ್ರೂಸರ್ ಆಗಿರುವುದು ದೊಡ್ಡ ಅನುಕೂಲ ಎಂಬುದನ್ನು ಓಎಂಸಿ (ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್) ಡ್ರೈವ್ ಇಟ್ಟುಕೊಂಡಿರುವ ನಾನು ಹೇಳಬಲ್ಲೆ. ಆ ಕಂಪನಿ 2000ದ ಡಿಸೆಂಬರಿನಲ್ಲಿ ದಿವಾಳಿಯಾಯಿತು. 1970ರ ದಶಕದ ಹೆಚ್ಚಿನ ಓಎಂಸಿ ಸ್ಟ್ರಿಂಗರ್ ಡ್ರೈವುಗಳಲ್ಲಿ ಗೇರ್ ಬದಲಾಗುತ್ತಿದ್ದದ್ದು ಕೆಳಪೆಟ್ಟಿಗೆಯೊಳಗಿನ ವಿದ್ಯುತ್ ಸುರುಳಿಗಳಿಂದ. ಅವಕ್ಕೆ ಬೇಕಾದ ಆಯಿಲ್ ಕೂಡ ಬೇರೆಯೇ. ಅಂಥ ಡ್ರೈವ್ ಇರುವವರು ಬಿಡಿಭಾಗಗಳನ್ನು ಒಂದೊಂದಾಗಿ ಹುಡುಕುವುದಕ್ಕಿಂತ, ಗುಜರಿಗೆ ಹೋಗುವ ದೋಣಿಯಿಂದ ಇಡೀ ಡ್ರೈವನ್ನೇ ಕೊಂಡು ಇಟ್ಟುಕೊಳ್ಳುವುದು ಲೇಸು.

ಮೊದಲ ಉತ್ತರ ಬರೆದವರಿಂದ

ಪಿನಿಯನ್ ಒಂದನ್ನೇ ಖಂಡಿತ ತರಿಸಬೇಡಿ. ಓರೆಹಲ್ಲಿನ ಗೇರುಗಳು ಜೋಡಿಯಾಗಿ ಸವೆದು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಹೊಸದನ್ನು ಹಳೆಯದರ ಜೊತೆ ಹಾಕಿದರೆ ಎರಡೂ ಹಾಳಾಗುತ್ತವೆ. ಸೆಟ್ ಆಗಿ ಕೊಂಡರೂ ಪಿನಿಯನ್ನಿನ ಎತ್ತರವನ್ನು ಶಿಮ್ (ತೆಳು ಲೋಹದ ಬಿಲ್ಲೆ) ಇಟ್ಟು ಹೊಂದಿಸಿ, ಹಲ್ಲುಗಳ ನಡುವಿನ ಸಡಿಲವನ್ನು ಡಯಲ್ ಗೇಜಿನಿಂದ ಅಳೆಯಬೇಕು. ಆ ಉಪಕರಣವೂ ಅನುಭವವೂ ಇರುವ ಮೆಕ್ಯಾನಿಕ್ ಸಿಗದಿದ್ದರೆ ಕೆಳಪೆಟ್ಟಿಗೆಯನ್ನು ಇಡಿಯಾಗಿ ಕೊಳ್ಳುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಮೊದಲ ತಲೆಮಾರಿನ ಆಲ್ಫಾದಲ್ಲಿ ಒಟ್ಟು ಅನುಪಾತ ಬದಲಾಗುವುದು ಮೇಲಿನ ಗೇರುಗಳಿಂದ. ಕೆಳಗಿನ ಜೋಡಿ 17 ಮತ್ತು 28 ಹಲ್ಲಿನದೇ. ಮೇಲೆ 20 ಮತ್ತು 22 ಹಲ್ಲುಗಳಿದ್ದರೆ 1.81, 20 ಮತ್ತು 24 ಇದ್ದರೆ 1.98 ಬರುತ್ತದೆ. ಹೀಗಾಗಿ ನಿಮ್ಮ ಮೇಲುಪೆಟ್ಟಿಗೆಯನ್ನು ಉಳಿಸಿಕೊಂಡು ಕೆಳಗಿನದನ್ನು ಮಾತ್ರ ತರುವಾಗ ನೋಡಬೇಕಾದದ್ದು ಅನುಪಾತವನ್ನಲ್ಲ, ತಲೆಮಾರನ್ನು.

ಬಳಸಿದ್ದನ್ನು ಕೊಳ್ಳುವಾಗ ಆಯಿಲ್ ಬಿರಡೆಯನ್ನು ನಿಮ್ಮ ಎದುರಿನಲ್ಲೇ ತೆಗೆಸಿ ನೋಡಿ. ಹೊಚ್ಚ ಹೊಸ ಆಯಿಲ್ ತುಂಬಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಆಗ ಗಾಳಿಯ ಪರೀಕ್ಷೆಗೆ ಒಪ್ಪಿದರೆ ಮಾತ್ರ ಮುಂದುವರಿಯಿರಿ. ಪ್ರೊಪೆಲ್ಲರ್ ಶಾಫ್ಟನ್ನು ತಿರುಗಿಸಿ ತುದಿ ಓಲಾಡುತ್ತದೆಯೇ ನೋಡಿ. ಎರಡು ಪೆಟ್ಟಿಗೆಗಳು ಕೂಡುವ ಮುಖದಲ್ಲಿ ಲೋಹ ತಿಂದುಹೋಗಿದ್ದರೆ ಬೆಲೆ ಎಷ್ಟೇ ಇಳಿದರೂ ಬೇಡ. ಹೊಸದೇ ಬೇಕೆಂದರೆ ಸ್ಟರ್ನ್‌ಡ್ರೈವ್ ಎಂಜಿನಿಯರಿಂಗ್ ಎಂಬ ಕಂಪನಿ ಆಲ್ಫಾಗೆ ಬದಲಿಯಾಗುವ ಡ್ರೈವುಗಳನ್ನು ತಯಾರಿಸುತ್ತದೆ.

ಸಣ್ಣ ಭಾಗಗಳಿಗೆ ಅಷ್ಟು ಅಲೆಯಬೇಕಿಲ್ಲ. ಹಳೆಯ ಬೇರಿಂಗಿನ ಮೇಲೆ ಅದನ್ನು ತಯಾರಿಸಿದವರ ಸಂಖ್ಯೆ ಕೆತ್ತಿದ್ದರೆ ಬೇರಿಂಗ್ ಅಂಗಡಿಯಲ್ಲೇ ವಿಚಾರಿಸಬಹುದು. ಸೀಲುಗಳು, ಬೆಲ್ಲೋಸ್, ಇಂಪೆಲ್ಲರುಗಳನ್ನು (ನೀರಿನ ಪಂಪಿನೊಳಗೆ ತಿರುಗುವ ರೆಕ್ಕೆಯ ಚಕ್ರಗಳು) ಸಿಯೆರಾ ಮತ್ತು ಜಿಎಲ್‌ಎಂ ಕಂಪನಿಗಳು ಕೂಡ ಮಾಡುತ್ತವೆ. ಕ್ವಿಕ್‌ಸಿಲ್ವರ್ ಎಂಬುದು ಮರ್ಕ್ಯುರಿಯದೇ ಇನ್ನೊಂದು ಹೆಸರು. ಮರ್ಕ್ಯುರಿಯ ಭಾಗಸಂಖ್ಯೆಯ ಮೊದಲ ಎರಡು ಅಂಕಿಗಳು ವರ್ಗವನ್ನು ಹೇಳುತ್ತವೆ: 26 ಎಂದರೆ ಸೀಲ್, 31 ಬೇರಿಂಗ್, 43 ಗೇರ್, 47 ಇಂಪೆಲ್ಲರ್. ಸಿಗುತ್ತಿಲ್ಲ ಎಂದು ಯಾರಾದರೂ ಹೇಳಿದರೆ, ಆ ಸಂಖ್ಯೆಯ ಬದಲಿಗೆ ಹೊಸ ಸಂಖ್ಯೆ ಬಂದಿದೆಯೇ ಎಂದು ಕೇಳಿ. ಎಷ್ಟೋ ಸಲ ಭಾಗ ನಿಂತಿರುವುದಿಲ್ಲ, ಅದರ ಸಂಖ್ಯೆಯಷ್ಟೇ ಬದಲಾಗಿರುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಸೀಲುಗಳು ಎರಡು, ಒಂದಕ್ಕೊಂದು ಬೆನ್ನು ಕೊಟ್ಟು ಕೂರುತ್ತವೆ. ಒಂದು ಆಯಿಲನ್ನು ಒಳಗೆ, ಇನ್ನೊಂದು ನೀರನ್ನು ಹೊರಗೆ ತಡೆಯಬೇಕು. ಹಾಕುವಾಗ ಈ ದಿಕ್ಕನ್ನು ಮೆಕ್ಯಾನಿಕ್ಕಿನ ಜೊತೆ ನಿಂತು ನೀವೇ ಪರೀಕ್ಷಿಸಿಕೊಳ್ಳಿ.