ಕತ್ತಲೆಕಾನಿನ ಹಳ್ಳದ ದಂಡೆಯಲ್ಲಿ ಮಕ್ಕಳಿಗಾಗಿ ನಡಿಗೆ: ಏನನ್ನು ತೋರಿಸಬೇಕು?

ಪ್ರಶ್ನೆ

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ, ಹಳ್ಳದ ಪಕ್ಕದಲ್ಲಿ ಈಗಾಗಲೇ ಇರುವ ಕಾಲುದಾರಿಯಲ್ಲಿ, ಅರಣ್ಯ ಇಲಾಖೆಯ ಅನುಮತಿ ಪಡೆದು ಪ್ರೌಢಶಾಲೆಯ ಮಕ್ಕಳನ್ನು ಕರೆದೊಯ್ಯಬೇಕೆಂದು ಊರಿನ ಕೆಲವರು ಯೋಚಿಸಿದ್ದೇವೆ. ಮರಗಳ ಹೆಸರು ಹೇಳಿ ಮುಗಿಸುವ ನಡಿಗೆ ನಮಗೆ ಬೇಡ. ಈ ಕಾಡು ಇಷ್ಟು ಕಾಲ ಉಳಿದದ್ದು ಹೇಗೆ, ಅದಕ್ಕೂ ಹಳ್ಳದ ಜೀವಿಗಳಿಗೂ ಇರುವ ಸಂಬಂಧವೇನು ಎಂಬುದನ್ನು ಅವರು ಕಣ್ಣಾರೆ ಕಂಡು ತಿಳಿಯಬೇಕು. ಎಲ್ಲಿಂದ ಆರಂಭಿಸಬೇಕು, ಯಾವ ಕಾಲದಲ್ಲಿ ಹೋಗಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ಕಾಳುಮೆಣಸಿನ ಬಳ್ಳಿಯಿಂದ ಆರಂಭಿಸಿ. ಘಟ್ಟದ ಕೆಳಗಿನ ಗೇರುಸೊಪ್ಪೆಯನ್ನು 16ನೆಯ ಶತಮಾನದಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದದ್ದು ಮಕ್ಕಳಿಗೆ ಗೊತ್ತಿರಬಹುದು. ಆದರೆ ನೆರಳನ್ನೂ ತೇವವನ್ನೂ ಬೇಡುವ ಆ ಬಳ್ಳಿಯನ್ನು ಮಲೆನಾಡಿನವರು ಕಾನುಗಳಲ್ಲಿಯೇ, ಅಂದರೆ ತಾವು ಕಾಪಾಡಿಕೊಂಡು ಬಂದ ನಿತ್ಯಹಸುರಿನ ಕಾಡುಗಳಲ್ಲಿಯೇ, ಪೋಷಿಸುತ್ತಿದ್ದರು, ಹಾಗಾಗಿ ಹಿರಿಮರಗಳನ್ನು ಉಳಿಸಿಕೊಳ್ಳುವುದು ಅವರ ಜೀವನೋಪಾಯಕ್ಕೇ ಅಗತ್ಯವಾಗಿತ್ತು ಎಂಬುದನ್ನು ಅವರಿಗೆ ಬಿಡಿಸಿ ಹೇಳಬೇಕು. ಈಸ್ಟ್ ಇಂಡಿಯಾ ಕಂಪನಿಗಾಗಿ ಸಮೀಕ್ಷೆ ನಡೆಸುತ್ತ 1801ರಲ್ಲಿ ಈ ಜಿಲ್ಲೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಕಾಡು ಊರದೇವರ ಸ್ವತ್ತು, ಪೂಜಾರಿಯ ಒಪ್ಪಿಗೆಯಿಲ್ಲದೆ ಮರ ಕಡಿಯುವಂತಿಲ್ಲ ಎಂಬ ಕಟ್ಟಳೆಯನ್ನು ದಾಖಲಿಸಿದ್ದಾನೆ. ಅದು ಸರ್ಕಾರದ ಹಕ್ಕನ್ನು ತಪ್ಪಿಸುವ ಉಪಾಯವೆಂದು ಅವನು ಬಗೆದದ್ದು ನನಗೆ ಅನ್ಯಾಯವೆನಿಸುತ್ತದೆ.

ಹಾಗೆ ಉಳಿದ ನೆರಳೇ ಹಳ್ಳಕ್ಕೆ ಆಧಾರ. ಬಿಸಿಲು ಬೀಳದ ತೊರೆಯಲ್ಲಿ ಪಾಚಿ ಕಡಿಮೆ, ಅಲ್ಲಿನ ಮುಖ್ಯ ಆಹಾರ ತರಗೆಲೆ. ನೀರಿಗೆ ಬಿದ್ದ ಎಲೆಯನ್ನು ಮೊದಲು ಶಿಲೀಂಧ್ರಗಳು ಮೆತ್ತಗಾಗಿಸುತ್ತವೆ, ಬಳಿಕ ಕೀಟಗಳ ಮರಿಗಳು ಕತ್ತರಿಸಿ ತಿನ್ನುತ್ತವೆ, ಉಳಿದ ಪುಡಿಯನ್ನು ಕೆಳಹರಿವಿನ ಜೀವಿಗಳು ಸೋಸಿಕೊಳ್ಳುತ್ತವೆ. ದಂಡೆಯ ಮರ ಹೋದರೆ ಈ ಸರಪಳಿಯ ಮೊದಲ ಕೊಂಡಿಯೇ ಕಳಚುತ್ತದೆ.

ಉತ್ತರ 2

ಮೇಲಿನ ಮಾತಿಗೆ ರಾಮಪತ್ರೆ ಜಡ್ಡಿಯನ್ನು, ಅಂದರೆ ಜಾಯಿಕಾಯಿಯ ಜಾತಿಯ ಮರಗಳು ಬೆಳೆಯುವ ಸಿಹಿನೀರಿನ ಜೌಗು ಕಾಡನ್ನು, ಸೇರಿಸಬೇಕು. ಸದಾ ನೀರು ನಿಂತ ಕೆಸರಿನಲ್ಲಿ ಗಾಳಿ ಸಾಲದ ಕಾರಣ ಅಲ್ಲಿನ ಮರಗಳ ಬೇರುಗಳು ಮಡಚಿದ ಮಂಡಿಯಂತೆ ನೆಲದಿಂದ ಮೇಲೆದ್ದಿರುತ್ತವೆ. ಗೇರಿನ ಕುಟುಂಬಕ್ಕೆ ಸೇರಿದ ಒಂದು ಹೊಸ ಮರದ ಪ್ರಭೇದವನ್ನು 2000ದಲ್ಲಿ ಕತ್ತಲೆಕಾನಿನ ಹೆಸರಿನಲ್ಲಿಯೇ ಗುರುತಿಸಿದ್ದು ಇಂಥ ಜಡ್ಡಿಯಲ್ಲಿ. ಬೇಸಿಗೆಯಲ್ಲಿಯೂ ನೀರಿರುವ ಕಣಿವೆಗಳಾದ್ದರಿಂದ ಎಷ್ಟೋ ಜಡ್ಡಿಗಳು ಗದ್ದೆಗಳಾದವು, ಅಡಿಕೆ ತೋಟಗಳಾದವು. ತೋಟದ ಮನೆಗಳಿಂದ ಬಂದ ಮಕ್ಕಳಿಗೆ ಇದನ್ನು ಆರೋಪದ ದನಿಯಲ್ಲಿ ಹೇಳದೆ, ತಮ್ಮ ತೋಟದ ನೀರು ಎಲ್ಲಿಂದ ಬರುತ್ತದೆಂದು ಅವರೇ ಹುಡುಕುವಂತೆ ಮಾಡಿರಿ.

ಉತ್ತರ 3

ಮಳೆಗಾಲದಲ್ಲಿ ಬೇಡ. 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕುಂಬಾರ ಕಪ್ಪೆ ಇಲ್ಲಿಯದೇ. ಅದು ಮಳೆಗಾಲದ ರಾತ್ರಿಗಳಲ್ಲಿ ನೀರಿನ ಮೇಲೆ ಚಾಚಿದ ಕಡ್ಡಿಗಳಿಗೆ ಮೊಟ್ಟೆಯಿಡುತ್ತದೆ, ಗಂಡು ಕಪ್ಪೆ ಹಳ್ಳದ ಕೆಸರನ್ನು ಮುಂಗಾಲುಗಳಲ್ಲಿ ಎತ್ತಿ ಅವುಗಳಿಗೆ ಬಳಿಯುತ್ತದೆ. ಹಳ್ಳಕ್ಕಿಳಿದವರ ಕಾಲಿಗೆ ಸಿಕ್ಕಿ ಮುರಿಯುವುದು ಇಂಥ ಕಡ್ಡಿಗಳೇ. ಡಿಸೆಂಬರ್ ನಂತರ ಚಿಕ್ಕ ಗುಂಪುಗಳಲ್ಲಿ ಹೋಗಿ, ದಂಡೆಯಿಂದಲೇ ನೋಡಿರಿ. ಒಂದು ಎಲೆಯನ್ನೆತ್ತಿ ಅದರ ಅಡಿಯ ಹುಳುಗಳನ್ನು ತೋರಿಸಿದ ಮೇಲೆ ಅದನ್ನು ಇದ್ದಲ್ಲಿಯೇ ಮರಳಿ ಇಡಿಸಿರಿ.