ಕಾರ್ಖಾನೆ ಬಾಗಿಲು ಹಾಕಿತು, 44ಕ್ಕೆ ಜಿಐಎಸ್ ಕಲಿಯಬಹುದಾ?

ಮೇಟಗಳ್ಳಿ ಫಿಟ್ಟರ್: ನಮಸ್ಕಾರ. ಮೈಸೂರಿನ ಒಂದು ಕಾರ್ಖಾನೆಯಲ್ಲಿ 19 ವರ್ಷ ಫಿಟ್ಟರ್ ಆಗಿದ್ದೆ. ಬಾಗಿಲು ಹಾಕಿದರು. ಈಗ ನನಗೆ 44. ಅಮೆರಿಕದಲ್ಲಿ ಕೆಲಸ ಹೋದವರಿಗೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲೇ ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಕೆಲಸ), ಜಿಪಿಎಸ್ ಕಲಿಸುತ್ತಾರೆ ಎಂದು ಓದಿದೆ. ನಮ್ಮ ಕಡೆ ಇದು ಆಗುವ ಮಾತಾ? ಕಲಿತರೆ ಕೆಲಸ ಸಿಗುತ್ತದಾ?

ಪಾಂಡವಪುರದವಳು: ಅಣ್ಣ, ಧೈರ್ಯವಾಗಿ ಕಲಿಯಿರಿ. ನಾನು ಇದೇ ಕೆಲಸದಲ್ಲಿದ್ದೇನೆ. ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್ ಪುಕ್ಕಟೆ ಸಿಗುತ್ತದೆ. ಇಸ್ರೋದ ಭುವನ್ ಜಾಲತಾಣದಲ್ಲಿ ಉಪಗ್ರಹ ಚಿತ್ರಗಳಿವೆ. ನೀವು ಓದಿದ್ದು ನಿಜ. 2010ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಯೇ ಈ ಕೆಲಸಕ್ಕೆ ಏನೇನು ಬರಬೇಕು ಎಂದು ಪಟ್ಟಿ ಮಾಡಿ ಹೊರಡಿಸಿತು. ಪಾಠ ಏನಿರಬೇಕು ಎಂದು ನೋಡಲು ಕಾಲೇಜುಗಳಿಗೆ ಅದು ಸಿಕ್ಕಿತು.

ಗದ್ದೆಬದು, ಮಂಡ್ಯ: ಅಕ್ಕ, ಸಾಫ್ಟ್‌ವೇರ್ ಪುಕ್ಕಟೆ, ಸರಿ. ಕಲಿಯುವಷ್ಟು ದಿನ ಮನೆ ನಡೆಸುವವರು ಯಾರು? ನನ್ನ ತಮ್ಮ ಸಾಲ ಮಾಡಿ ಮೂರು ತಿಂಗಳ ಕೋರ್ಸ್ ಸೇರಿದ. ಬೆಳಗ್ಗೆಯಿಂದ ಸಂಜೆವರೆಗೂ ಮೌಸ್ ಹಿಡಿದು ರಸ್ತೆ, ಕೆರೆಗಳ ಮೇಲೆ ಗೆರೆ ಎಳೆಸಿದರು, ಅಷ್ಟೇ. ಸರ್ಟಿಫಿಕೇಟ್ ಬೀರುವಿನಲ್ಲಿದೆ. ಅವನು ಆಟೋ ಓಡಿಸುತ್ತಿದ್ದಾನೆ.

ಪಾಂಡವಪುರದವಳು: ತಮ್ಮನಿಗೆ ಆಗಿದ್ದು ಅನ್ಯಾಯ. ಬರೀ ಗೆರೆ ಎಳೆಯುವುದನ್ನು ಈಗ ಕಂಪ್ಯೂಟರೇ ಎಷ್ಟೋ ಮಟ್ಟಿಗೆ ಮಾಡುತ್ತದೆ. ನಮಗೆ ಬೇಕಾಗಿರುವುದು ತಪ್ಪು ಹಿಡಿಯುವವರು. ನಕ್ಷೆಗೆಂದು ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಹಂಚಿ ನಂಬರ್ ಕೊಟ್ಟಿದ್ದಾರೆ, ಅವೇ ಯುಟಿಎಂ ವಲಯಗಳು. ಮೈಸೂರು, ಮಂಡ್ಯ ಎರಡೂ 43ನೇ ವಲಯಕ್ಕೆ ಬರುತ್ತವೆ. ಕೆಲಸಕ್ಕೆ ಹೊಸದಾಗಿ ಬಂದ ಹುಡುಗನೊಬ್ಬ 44 ಎಂದು ಒತ್ತಿಬಿಟ್ಟ. ವಿಶ್ವೇಶ್ವರಯ್ಯ ನಾಲೆ ಹೋಗಿ ಬಂಗಾಳ ಕೊಲ್ಲಿಯಲ್ಲಿ ಕೂತಿತು! ಅವನು ಹಾಗೇ ಸೇವ್ ಮಾಡಿ ಊಟಕ್ಕೆ ಎದ್ದು ಹೋದ. 19 ವರ್ಷ ಸೂಕ್ಷ್ಮ ಅಳತೆಯ ವರ್ನಿಯರ್ ಹಿಡಿದವರ ಕಣ್ಣಿಗೆ ಅದು ತಕ್ಷಣ ಚುಚ್ಚುತ್ತದೆ, ಅಲ್ವಾ?

ನಿವೃತ್ತ ಸರ್ವೇಯರ್: ಮೊದಲು ಬಯಲಿಗೆ ಇಳಿಯಿರಿ, ಕಂಪ್ಯೂಟರ್ ಆಮೇಲೆ. ನಾನು 33 ಅಡಿ ಸರಪಳಿ ಎಳೆದು ಕಲಿತವನು. ಒಂದು ಸರಪಳಿಗೆ 16 ಭಾಗ, ಒಂದೊಂದಕ್ಕೂ ಆಣೆ ಎಂದು ಹೆಸರು. ಈಗ ಉಪಗ್ರಹದ ಸಂಕೇತದಿಂದ ಅಳೆಯುವ ರೋವರ್ ಇಟ್ಟರೆ ಸ್ವಲ್ಪ ಹೊತ್ತಿಗೆ ಬಿಂದು ಸಿಗುತ್ತದೆ, ಒಳ್ಳೆಯದೇ. ಆದರೆ ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಗುರುತಿಸಲು ಹೋದಾಗ ಗಡಿ ಕಲ್ಲು ಎಲ್ಲಿತ್ತು ಎಂದು ಹೇಳುವುದು ಹಳೇ ಟಿಪ್ಪಣಿ, ಅಂದರೆ ಹಿಂದಿನ ಸರ್ವೇಯಲ್ಲಿ ಅಳತೆ ಬರೆದಿಟ್ಟ ನಕ್ಷೆ. ಅದನ್ನು ಓದಲು ಬರಬೇಕು. 2020ರಲ್ಲಿ ಶುರುವಾದ, ಹಳ್ಳಿಯ ಮನೆ ಜಾಗಗಳಿಗೆ ಹಕ್ಕಿನ ದಾಖಲೆ ಕೊಡುವ ಸ್ವಾಮಿತ್ವ ಯೋಜನೆಯನ್ನೇ ನೋಡಿ. ಹಳ್ಳಿಯ ಮೇಲೆ ಡ್ರೋನ್ ಹಾರಿಸುವ ಮೊದಲು ಮನೆ ಜಾಗದ ಗಡಿಗೆ ಸುಣ್ಣದ ಗೆರೆ ಹಾಕಬೇಕು. ಅಕ್ಕಪಕ್ಕದವರನ್ನು ನಿಲ್ಲಿಸಿಕೊಂಡು, ಮಾತಾಡಿ ಒಪ್ಪಿಸಿ ಹಾಕಬೇಕು. ಸುಣ್ಣ ತಪ್ಪಿದರೆ ನಕ್ಷೆಯೂ ತಪ್ಪು. ಇದಕ್ಕೆ ವಯಸ್ಸಾದವರೇ ವಾಸಿ.

ಗದ್ದೆಬದು, ಮಂಡ್ಯ: ಸರ್, ಈ ಮಾತು ಒಪ್ಪಿದೆ. ಆದರೂ ಹೇಳುತ್ತೇನೆ: ಕೆಲಸ ಕೊಡುವವರು ಮೊದಲೇ ಬಂದು ಇಷ್ಟು ಜನ ಬೇಕು ಎನ್ನಲಿ, ಆಮೇಲೆ ಕೋರ್ಸ್ ಶುರುವಾಗಲಿ. ಮಂಡ್ಯದಲ್ಲೇ ನಡೆಯಲಿ, ಸಂಜೆ ಹೊತ್ತು. ಕಲಿಯುವಾಗ ಸ್ಟೈಪೆಂಡ್ ಇರಲಿ. ಇಲ್ಲದಿದ್ದರೆ ಸುಮ್ನೆ ಇನ್ನೊಂದು ಸರ್ಟಿಫಿಕೇಟ್ ಆಗುತ್ತದೆ.

ಪಾಂಡವಪುರದವಳು: ಸ್ಟೈಪೆಂಡ್ ವಿಷಯದಲ್ಲಿ ನನ್ನದೂ ಅದೇ ಮಾತು. ಮೊದಲ ಸಲವೇ ಬರೆಯಬೇಕಿತ್ತು.

ಮೇಟಗಳ್ಳಿ ಫಿಟ್ಟರ್: ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಮಗಳ ಲ್ಯಾಪ್‌ಟಾಪಿಗೆ ಕ್ಯೂಜಿಐಎಸ್ ಹಾಕಿಕೊಂಡೆ. 43 ಅಂತಲೇ ಕೊಟ್ಟಿದ್ದೇನೆ. ಸರ್, ಟಿಪ್ಪಣಿ ಓದುವುದು ಹೇಳಿಕೊಡುತ್ತೀರಾ?

ನಿವೃತ್ತ ಸರ್ವೇಯರ್: ಭಾನುವಾರ ಬನ್ನಿ. ನಿಮ್ಮ ಊರಿನ ಜಮೀನಿನ ಟಿಪ್ಪಣಿ ನಕಲು ತನ್ನಿ. ಟೇಪ್ ನನ್ನ ಹತ್ತಿರ ಇದೆ.